ಅಯೋನಾಂಥಾ ಏರ್ ಪ್ಲಾಂಟ್: ಬಣ್ಣ ನೋಡಿ ತಳಿ ಹೇಳಬಹುದಾ?

ಸರಸ್ವತಿಪುರಂ ಬಾಲ್ಕನಿ:
ಎಲ್ಲರಿಗೂ ನಮಸ್ಕಾರ. ಆನ್‌ಲೈನಿನಲ್ಲಿ ಮೂರು ಟಿಲ್ಯಾಂಡ್ಸಿಯಾ ಅಯೋನಾಂಥಾ (ಮಣ್ಣಿಲ್ಲದೆ ಬೆಳೆಯುವ ಏರ್ ಪ್ಲಾಂಟ್) ತರಿಸಿದ್ದೆ. ಚೀಟಿಯಲ್ಲಿ ಒಂದಕ್ಕೆ ರೂಬ್ರಾ, ಒಂದಕ್ಕೆ ಫ್ಯೂಗೋ, ಇನ್ನೊಂದಕ್ಕೆ ಸ್ಟ್ರಿಕ್ಟಾ ಅಂತ ಬರೆದಿತ್ತು. ಸಾದಾ ಅಯೋನಾಂಥಾಕ್ಕಿಂತ ದುಪ್ಪಟ್ಟು ಬೆಲೆ. ಬಂದಾಗ ಮೊದಲ ಎರಡು ಕೆಂಪಗಿದ್ದವು. ಈಗ ಎರಡೂ ಹಸಿರು-ಬೂದು. ಪಕ್ಕದ ಮನೆಯವರ ಸಾದಾ ಗಿಡದ ಜೊತೆ ಇಟ್ಟರೆ ಗುರುತೇ ಸಿಗುವುದಿಲ್ಲ. ಮೂರನೆಯದು ಮಾತ್ರ ನೋಡಲು ಬೇರೆ ಥರ ಇದೆ. ಮಾರಿದವರನ್ನು ಕೇಳಿದರೆ "ಬಿಸಿಲು ಸಾಲದು" ಅಂದರು. ಇವೆಲ್ಲ ನಿಜವಾಗಿ ಬೇರೆ ಬೇರೆ ತಳಿಗಳಾ? ಕಾಡಿನಲ್ಲಿ ತಾನಾಗಿ ಇರುವ ಬಗೆಗಳು ಯಾವುವು, ಅಂಗಡಿಯವರು ಇಟ್ಟ ಹೆಸರು ಯಾವುವು? ಗೊತ್ತಿದ್ದವರು ಹೇಳಿ.

ಯಾದವಗಿರಿ ತಾರಸಿ:
ಮೇಡಂ, ಬಣ್ಣ ಇಳಿಯಿತು ಅಂದರೆ ಗಿಡ ಕೆಟ್ಟಿತು ಅಂತಲ್ಲ, ಗಾಬರಿ ಬೇಡ. ಅಯೋನಾಂಥಾ ಎರಡು ಹೊತ್ತಿನಲ್ಲಿ ಕೆಂಪಾಗುತ್ತದೆ. ಹೂ ಬಿಡುವ ಮುಂಚೆ ಒಳಗಿನ ಎಲೆಗಳು ಕೆಂಪೇರುತ್ತವೆ. ಬಿಸಿಲು ಜಾಸ್ತಿ ಬಿದ್ದರೂ ಕೆಂಪಾಗುತ್ತದೆ. ಹೂ ಮುಗಿದ ಮೇಲೆ, ಇಲ್ಲವೇ ನೆರಳಿಗೆ ತಂದ ಮೇಲೆ, ಬಣ್ಣ ಇಳಿದು ಮತ್ತೆ ಬೂದು-ಹಸಿರಿಗೆ ಬರುತ್ತದೆ. ಅಪ್ಪಟ ಸಾದಾ ಗಿಡವೂ ಹೂವಿನ ಹೊತ್ತಿನಲ್ಲಿ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಮಾರಾಟದ ಫೋಟೋಗಳು ಹೆಚ್ಚಾಗಿ ಆ ಹೊತ್ತಿನವೇ.

ಹಾಗಾಗಿ ಬಣ್ಣ ನೋಡಿ ತಳಿ ಹೇಳಲು ಹೋಗಬೇಡಿ. ಆಕಾರ ನೋಡಿ. ಎಲೆ ದಪ್ಪವೋ ತೆಳುವೋ, ಗಟ್ಟಿಯೋ ಮೆತ್ತಗೋ, ಕಾಂಡ ಉದ್ದ ಬೆಳೆಯುತ್ತದಾ, ಹೂ ಗಿಡದ ಎದೆಯೊಳಗೇ ಕೂರುತ್ತದಾ, ಕಡ್ಡಿಯ ಮೇಲೆ ಎದ್ದು ನಿಲ್ಲುತ್ತದಾ. ಬಿಸಿಲು ಬದಲಾದರೂ ಇವು ಅಷ್ಟಾಗಿ ಬದಲಾಗುವುದಿಲ್ಲ.

ಮೊದಲು ಸಾದಾ ಗಿಡವನ್ನೇ ಸರಿಯಾಗಿ ತಿಳಿದುಕೊಳ್ಳೋಣ. 1855ರಲ್ಲಿ ಪ್ಲಾನ್ಶಾನ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞರು ಇದಕ್ಕೆ ಹೆಸರಿಟ್ಟರು. ಮುಂದೆ ಯುರೋಪಿನ ದ್ರಾಕ್ಷಿ ತೋಟಗಳನ್ನು ಹಾಳು ಮಾಡಿದ ಫಿಲಾಕ್ಸೆರಾ ಕೀಟವನ್ನು ಗುರುತಿಸಿದವರಲ್ಲಿ ಇವರೂ ಒಬ್ಬರು. ಗಿಡದ ಊರು ಮೆಕ್ಸಿಕೋ. ಅಲ್ಲಿಂದ ಗ್ವಾಟೆಮಾಲಾ ದಾಟಿ ಕೋಸ್ಟಾರಿಕಾವರೆಗೆ ಹರಡಿದೆ. ಮರದ ಕೊಂಬೆ ಮೇಲೆ, ಕೆಲವು ಕಡೆ ಬಂಡೆ ಮೇಲೆ ಬೆಳೆಯುತ್ತದೆ. ಒಂದು ಗಿಡ ಬೆರಳುದ್ದ ಇದ್ದರೆ ಹೆಚ್ಚು. ಮರಿ ಹಾಕಿ ಹಾಕಿ ವರ್ಷಗಳಲ್ಲಿ ದುಂಡಗೆ ಚೆಂಡಾಗುತ್ತದೆ.

ಇಷ್ಟು ದೊಡ್ಡ ಜಾಗದಲ್ಲಿ ಹರಡಿದ ಗಿಡ ಎಲ್ಲ ಕಡೆ ಒಂದೇ ಥರ ಇರಲು ಹೇಗೆ ಸಾಧ್ಯ? ಅದಕ್ಕೇ ಈ ಬಗೆಗಳು. ವಿವರ ಸಂಜೆ ಬರೆಯುತ್ತೇನೆ.

ಮದ್ದೂರು ತೆಂಗು:
ನಡುವೆ ಒಂದು ಪ್ರಶ್ನೆ ಸರ್. ಮರದ ಮೇಲೆ ಬೆಳೆಯುತ್ತದೆ ಅಂದರೆ ಬಂದಳಿಕೆ ಥರ ಮರದ ರಸ ಹೀರುತ್ತದಾ? ನಮ್ಮ ಮಾವಿನ ಮರದಲ್ಲಿ ಬಂದಳಿಕೆ ಬಂದು ಅರ್ಧ ಕೊಂಬೆ ಒಣಗಿದೆ. ಇನ್ನೊಂದು ತಂದು ಕಟ್ಟುವುದು ಬೇಡ ಅನ್ನಿಸುತ್ತದೆ.

ಪಾಂಡವಪುರ ಹಸಿರು:
ಇಲ್ಲ ಅಣ್ಣ, ಎರಡಕ್ಕೂ ಸಂಬಂಧವೇ ಇಲ್ಲ. ಬಂದಳಿಕೆ ತನ್ನ ಬೇರನ್ನು ಕೊಂಬೆಯ ಒಳಗೆ ಇಳಿಸಿ ನೀರು, ಲವಣ ಎರಡನ್ನೂ ಎಳೆದುಕೊಳ್ಳುತ್ತದೆ. ಟಿಲ್ಯಾಂಡ್ಸಿಯಾದ ಬೇರು ತೊಗಟೆಯನ್ನು ಹಿಡಿದುಕೊಳ್ಳಲು ಮಾತ್ರ. ಅಂಟಿಕೊಂಡು ನಿಲ್ಲುವುದೇ ಅದರ ಕೆಲಸ. ನಮ್ಮ ಮಲೆನಾಡಿನ ಮರಗಳಲ್ಲಿ ಸೀತಾಳೆ ಹೂ ಬೆಳೆಯುತ್ತದಲ್ಲ, ಅದೂ ಹೀಗೇ ಮರಕ್ಕೆ ತೊಂದರೆ ಕೊಡದೆ ಬದುಕುತ್ತದೆ.

ನಾನು ಬಾಟನಿ ಓದುತ್ತಿದ್ದೇನೆ, ಈ ಗಿಡದ ಎಲೆ ನನಗೆ ತುಂಬ ಇಷ್ಟ. ಸಾಧ್ಯವಾದರೆ ಒಂದು ಭೂತಗನ್ನಡಿ ಹಿಡಿದು ನೋಡಿ. ಎಲೆ ಪೂರ್ತಿ ಬಿಳಿ ಹುರುಪೆ ಇದ್ದ ಹಾಗೆ ಕಾಣುತ್ತದೆ. ಅವು ಟ್ರೈಕೋಮ್‌ಗಳು. ಒಂದೊಂದೂ ಚಿಕ್ಕ ಗುರಾಣಿ ಆಕಾರ, ನಡುವೆ ಒಂದು ಕಾಲು, ಸುತ್ತ ಅಂಚು. ಮೇಲಿನ ಜೀವಕೋಶಗಳು ಸತ್ತಿರುತ್ತವೆ, ಕೆಳಗಿನ ಕಾಲು ಜೀವಂತ. ಒಣಗಿದಾಗ ಅಂಚು ಮೇಲೆದ್ದು ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ, ಅದಕ್ಕೇ ಗಿಡ ಬೆಳ್ಳಗೆ ಕಾಣುತ್ತದೆ. ಒಂದು ಹನಿ ನೀರು ಬಿಡಿ. ಅಂಚು ತಟ್ಟನೆ ಮಲಗುತ್ತದೆ, ಆ ಜಾಗ ಮಾತ್ರ ಹಸಿರಾಗುತ್ತದೆ, ನೀರು ಕಾಲಿನ ಮೂಲಕ ಎಲೆಯೊಳಗೆ ಹೋಗುತ್ತದೆ. ಕಣ್ಣೆದುರೇ ನಡೆಯುತ್ತದೆ. ನೀರು ಕುಡಿಯುವುದು, ಗೊಬ್ಬರ ತಿನ್ನುವುದು ಎಲ್ಲ ಈ ಹುರುಪೆಯಿಂದಲೇ. ಯಾವತ್ತೂ ಬಟ್ಟೆ ಹಾಕಿ ಎಲೆ ಒರೆಸಬೇಡಿ.

ಕುವೆಂಪುನಗರ ಅಜ್ಜಿ:
ಚೆನ್ನಾಗಿ ಹೇಳಿದೆ ಮಗಳೇ. ಧೂಳು ಅಂತ ತಿಳಿದು ತಿಕ್ಕಿ ತೊಳೆದು ಗಿಡ ಕಳೆದುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ.

ಯಾದವಗಿರಿ ತಾರಸಿ:
ಸರಿ, ಈಗ ಬಗೆಗಳ ವಿಷಯಕ್ಕೆ ಬರೋಣ.

ನನಗೆ ಎಲ್ಲಕ್ಕಿಂತ ಇಷ್ಟ ವ್ಯಾನ್‌ಹೈನಿಂಗೈ. ಮೆಕ್ಸಿಕೋದ ಚಿಯಾಪಾಸ್ ರಾಜ್ಯದಲ್ಲಿ ಸುಮಿದೇರೋ ಎಂಬ ಕಣಿವೆ ಇದೆ. ಗ್ರಿಹಾಲ್ವಾ ನದಿ ಕೊರೆದ ಕಣಿವೆ, ಎರಡೂ ಕಡೆ ಕಡಿದಾದ ಬಂಡೆ ಗೋಡೆ. ಈ ಗಿಡ ಆ ಗೋಡೆಗೆ ಅಂಟಿಕೊಂಡು ಬೆಳೆಯುತ್ತದೆ. ಸಾದಾ ಅಯೋನಾಂಥಾ ಗುಂಡಗೆ ಕೂತರೆ ಇದು ಕಾಂಡ ಬೆಳೆಸಿಕೊಂಡು ಉದ್ದಕ್ಕೆ ಹೋಗುತ್ತದೆ. ಎಲೆ ಗಿಡ್ಡ, ದಪ್ಪ, ಬಿರುಸು, ಬೆಳ್ಳಿ ಬಣ್ಣ. ಬಂಡೆಯ ಮೇಲೆ ಬಿದ್ದ ಮಳೆ ಕ್ಷಣದಲ್ಲಿ ಜಾರಿ ಹೋಗುತ್ತದೆ, ಬಿಸಿಲಿನ ಕಾವು ಹೊರಡುತ್ತಲೇ ಇರುತ್ತದೆ. ಅಂಥ ಜಾಗದಲ್ಲಿ ಬಾಳಬೇಕಾದರೆ ದಪ್ಪ ಎಲೆ ಬೇಕೇ ಬೇಕು. ಹೆಸರಿಟ್ಟವರು ಎಂ.ಬಿ. ಫಾಸ್ಟರ್. ಬ್ರೊಮೀಲಿಯಾಡ್, ಅಂದರೆ ಅನಾನಸ್ ಕುಟುಂಬದ ಗಿಡಗಳನ್ನು ಹುಡುಕಿಕೊಂಡು ಕಾಡು ಸುತ್ತಿದ ಅಮೆರಿಕದವರು. ಬೆಳವಣಿಗೆ ನಿಧಾನ, ತುಂಬ ನಿಧಾನ. ಆದರೆ ಮೈಸೂರಿಗೆ ತಂದು ಮರದ ತುಂಡಿಗೆ ಕಟ್ಟಿದರೂ ಅದು ಉದ್ದಕ್ಕೇ ಹೋಗುತ್ತದೆ, ಗುಂಡಗಾಗುವುದಿಲ್ಲ. ಸಹಜ ಬಗೆ ಅಂದರೆ ನನ್ನ ಮಟ್ಟಿಗೆ ಇದು. ಜಾಗ ಬಿಟ್ಟು ಬಂದರೂ ಗುಣ ಬಿಡುವುದಿಲ್ಲ.

ಮ್ಯಾಕ್ಸಿಮಾ ಎಂಬುದು ಓಹಾಕಾ ರಾಜ್ಯದ್ದು. ಗಾತ್ರ ದೊಡ್ಡದು, ಎಲೆ ಅಗಲ. ಸಾದಾ ಗಿಡದ ಪಕ್ಕ ಇಟ್ಟರೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಸ್ಟ್ರಿಕ್ಟಾ ಎಂಬ ಬಗೆಯೂ ಇದೆ. ಎಲೆ ಸಣ್ಣ, ಬಿರುಸು, ನೆಟ್ಟಗೆ ಮೇಲಕ್ಕೆ. ಆದರೆ ಇಲ್ಲಿ ಒಂದು ದೊಡ್ಡ ಗೊಂದಲ. ಟಿಲ್ಯಾಂಡ್ಸಿಯಾ ಸ್ಟ್ರಿಕ್ಟಾ ಅಂತ ಪೂರ್ತಿ ಬೇರೆಯದೇ ಒಂದು ಪ್ರಭೇದ ಇದೆ. ಅದರ ಊರು ಬ್ರೆಜಿಲ್ ಮತ್ತು ಅಕ್ಕಪಕ್ಕದ ದಕ್ಷಿಣ ಅಮೆರಿಕ. ಅಯೋನಾಂಥಾದ ಬಗೆ ಅದಲ್ಲ. ಸರಸ್ವತಿಪುರಂ ಮೇಡಂ, ನಿಮ್ಮ ಮೂರನೆಯ ಗಿಡ "ನೋಡಲು ಬೇರೆ ಥರ" ಅಂದಿರಲ್ಲ, ಹೂ ಬಂದಿತ್ತಾ?

ಸರಸ್ವತಿಪುರಂ ಬಾಲ್ಕನಿ:
ಬಂದಿತ್ತು ಸರ್. ನಡುವಿನಿಂದ ಒಂದು ಕಡ್ಡಿ ಹೊರಗೆ ಬಂದು ಬಾಗಿತು. ಅದರ ತುಂಬ ಗುಲಾಬಿ ಬಣ್ಣದ ಹೊದಿಕೆ. ಅದರ ಸಂದಿಯಿಂದ ಸಣ್ಣ ನೀಲಿ ಹೂ. ಎಲೆ ಮಾತ್ರ ಕೊನೆವರೆಗೂ ಹಸಿರಾಗಿಯೇ ಇತ್ತು. ಹೂ ಬೇಗ ಬಾಡಿತು, ಗುಲಾಬಿ ಹೊದಿಕೆ ಬಹಳ ದಿನ ನಿಂತಿತು.

ಯಾದವಗಿರಿ ತಾರಸಿ:
ಹಾಗಾದರೆ ಅನುಮಾನವೇ ಇಲ್ಲ, ಅದು ಬ್ರೆಜಿಲ್ ಕಡೆಯ ಟಿಲ್ಯಾಂಡ್ಸಿಯಾ ಸ್ಟ್ರಿಕ್ಟಾ. ಒಳ್ಳೆಯ ಗಿಡ, ಬೇಗ ಮರಿ ಹಾಕುತ್ತದೆ. ಆದರೆ ಅಯೋನಾಂಥಾ ಅಲ್ಲವೇ ಅಲ್ಲ. ಅಯೋನಾಂಥಾದಲ್ಲಿ ಗುಲಾಬಿ ಕಡ್ಡಿ ಬರುವುದಿಲ್ಲ. ಹೂ ಎಲೆಗಳ ನಡುವೆಯೇ ಹುಟ್ಟುತ್ತದೆ.

ಕುವೆಂಪುನಗರ ಅಜ್ಜಿ:
ಅಯೋನಾಂಥಾದ ಹೂ ನೋಡದವರಿಗೆ ಹೇಳುತ್ತೇನೆ ಕೇಳಿ. ಮೊದಲು ನಡುವಿನ ಎಲೆಗಳ ಬುಡ ಗುಲಾಬಿಯಾಗುತ್ತದೆ. ಆಮೇಲೆ ಬಣ್ಣ ತುದಿಯ ಕಡೆ ಏರುತ್ತದೆ. ಹೊರಗಿನ ಎಲೆ ಇನ್ನೂ ಬೂದು ಬಣ್ಣದಲ್ಲೇ ಇರುತ್ತದೆ. ಎದೆ ಪೂರ್ತಿ ಕೆಂಪಾದ ಮೇಲೆ ಒಂದು ಬೆಳಿಗ್ಗೆ ನೇರಳೆ ಕೊಳವೆ ಇಣುಕುತ್ತದೆ. ದಾಸವಾಳದ ಹಾಗೆ ಎಸಳು ಬಿಚ್ಚುವುದಿಲ್ಲ, ಮೂರು ಎಸಳೂ ಸೇರಿ ನಳಿಗೆಯಾಗಿಯೇ ನಿಲ್ಲುತ್ತದೆ. ಅದರ ಬಾಯಿಂದ ಹಳದಿ ಕೇಸರಗಳು ಹೊರಗೆ ಚಾಚುತ್ತವೆ. ಕೆಂಪು, ನೇರಳೆ, ಹಳದಿ ಮೂರೂ ಒಂದೇ ಕಡೆ. ಅದರ ಊರಿನಲ್ಲಿ ಹಮ್ಮಿಂಗ್ ಬರ್ಡ್ ಬಂದು ಮಕರಂದ ಕುಡಿಯುತ್ತದಂತೆ. ಆ ಉದ್ದನೆಯ ಕೊಕ್ಕಿಗೆ ಹೇಳಿ ಮಾಡಿಸಿದ ಹೂವು.

ಒಂದು ಗಿಡ ಒಂದೇ ಸಲ ಹೂ ಬಿಡುತ್ತದೆ. ಬಾಳೆ ಹೇಗೆ ಗೊನೆ ಕೊಟ್ಟು ಪಕ್ಕದಲ್ಲಿ ಕಂದು ಬಿಡುತ್ತದೋ ಹಾಗೆ, ಇದೂ ಬುಡದಲ್ಲಿ ಮರಿ ಬಿಟ್ಟು ನಿಧಾನಕ್ಕೆ ಒಣಗುತ್ತದೆ. ತಾಯಿ ಗಿಡ ಬಾಡುತ್ತಿದೆ ಅಂತ ಕಿತ್ತು ಎಸೆಯಬೇಡಿ, ಮರಿಗಳಿಗೆ ಅದೇ ಆಧಾರ.

ಶ್ರೀರಂಗಪಟ್ಟಣ ನದಿತೀರ:
ಯಾದವಗಿರಿಯವರೇ, ನಿಮ್ಮ ಒಂದು ಮಾತು ನಾನು ಒಪ್ಪುವುದಿಲ್ಲ. ಬಣ್ಣ ಲೆಕ್ಕಕ್ಕೇ ಇಲ್ಲ ಅನ್ನುವ ಹಾಗೆ ಬರೆದಿದ್ದೀರಿ. ಡ್ರೂಯಿಡ್ ಎಂಬ ಅಯೋನಾಂಥಾ ವಿಷಯ ಏನು ಹೇಳುತ್ತೀರಿ? ನನ್ನ ಹತ್ತಿರ ಇದೆ. ಹೂವಿನ ಹೊತ್ತಿನಲ್ಲಿ ಎಲೆ ಕೆಂಪಾಗುವುದೇ ಇಲ್ಲ, ಹಳದಿಯಾಗುತ್ತದೆ. ಹೂ ಬಿಳಿ. ಬಿಸಿಲಲ್ಲಿ ಇಟ್ಟರೂ ಹಾಗೇ, ನೆರಳಲ್ಲಿ ಇಟ್ಟರೂ ಹಾಗೇ. ಮರಿಗಳೂ ಹಾಗೇ. ಇದು ಯಾರೋ ಲ್ಯಾಬಿನಲ್ಲಿ ಮಾಡಿದ್ದಲ್ಲ, ಪ್ರಕೃತಿಯಲ್ಲಿ ತಾನಾಗಿ ಬಂದ ಬಿಳಿ ಹೂವಿನ ರೂಪ. ಹಾಗಾದರೆ ಇದು ಸಹಜ ಬಗೆ ಅಲ್ವಾ?

ಯಾದವಗಿರಿ ತಾರಸಿ:
ಒಳ್ಳೆಯ ಪ್ರಶ್ನೆ, ಮತ್ತು ನಿಮ್ಮ ವಾದದಲ್ಲಿ ತೂಕ ಇದೆ. ಡ್ರೂಯಿಡ್‌ನಲ್ಲಿ ಕೆಂಪು, ನೇರಳೆ ಬಣ್ಣ ಕೊಡುವ ಆಂಥೋಸಯನಿನ್ ಇಲ್ಲ. ಹಾಗಾಗಿ ಎಷ್ಟು ಬಿಸಿಲು ಕೊಟ್ಟರೂ ಕೆಂಪು ಬರುವುದಿಲ್ಲ. ಅದು ಗಿಡದ ವಂಶದಲ್ಲೇ ಇರುವ ಗುಣ, ಒಪ್ಪುತ್ತೇನೆ. ಆದರೆ ಕಾಡಿನಲ್ಲಿ ಒಂದು ಇಡೀ ಗುಂಪು, ಒಂದು ಜಾಗದಲ್ಲಿ, ಪೀಳಿಗೆಯಿಂದ ಪೀಳಿಗೆಗೆ ಬೀಜದಿಂದಲೂ ಹಾಗೇ ಬೆಳೆದರೆ ಸಸ್ಯಶಾಸ್ತ್ರದವರು ಅದನ್ನು ಬಗೆ ಅನ್ನುತ್ತಾರೆ. ವ್ಯಾನ್‌ಹೈನಿಂಗೈ ಹಾಗೆ. ಅಲ್ಲೊಂದು ಇಲ್ಲೊಂದು ಗಿಡ ಬೇರೆ ಬಣ್ಣಕ್ಕೆ ಹುಟ್ಟಿ, ಬೆಳೆಗಾರರು ಅದರ ಮರಿ ತೆಗೆದು ತೆಗೆದು ಉಳಿಸಿಕೊಂಡರೆ ಅದಕ್ಕೆ ಬೆಳೆಗಾರರ ಹೆಸರು ಬರುತ್ತದೆ. ಡ್ರೂಯಿಡ್ ಈ ಸಾಲಿನದು. ಫ್ಯೂಗೋ ಕೂಡ ಇದೇ ಸಾಲು. ಅದು ಸಣ್ಣ ಗಿಡ, ಕೆಂಪು ಬೇಗ ಬರುತ್ತದೆ, ಜಾಸ್ತಿ ದಿನ ನಿಲ್ಲುತ್ತದೆ.

ರೂಬ್ರಾ ಅನ್ನುವುದು ಮಾತ್ರ ಅಂಗಡಿಯ ಹೆಸರು ಅಂತಲೇ ಇಟ್ಟುಕೊಳ್ಳಿ. ಒಬ್ಬರು ಮೆತ್ತನೆಯ ಎಲೆಯ ಗಿಡಕ್ಕೆ ಹಾಗೆ ಕರೆಯುತ್ತಾರೆ, ಇನ್ನೊಬ್ಬರು ಕೆಂಪಾಗಿರುವ ಯಾವುದಕ್ಕಾದರೂ ಕರೆಯುತ್ತಾರೆ. ಅದಕ್ಕೆ ದುಪ್ಪಟ್ಟು ಹಣ ಕೊಡುವುದು ನನ್ನ ಪ್ರಕಾರ ದಂಡ. ಮೆಕ್ಸಿಕೋ, ಗ್ವಾಟೆಮಾಲಾ ಅಂತಲೂ ಮಾರುತ್ತಾರೆ. ಮೆಕ್ಸಿಕೋದ್ದು ಸಾಮಾನ್ಯವಾಗಿ ಗಿಡ್ಡ, ಬಿಗಿ, ಹೆಚ್ಚು ಬೂದು. ಗ್ವಾಟೆಮಾಲಾದ್ದು ಅಗಲಕ್ಕೆ ಹರಡುತ್ತದೆ, ಎಲೆ ಮೆತ್ತಗೆ, ಹಸಿರು ಜಾಸ್ತಿ. ಈ ಹೆಸರುಗಳಿಗೆ ಶಾಸ್ತ್ರದ ಮುದ್ರೆ ಇಲ್ಲ, ಆದರೆ ಕಣ್ಣಿಗೆ ಕಾಣುವ ವ್ಯತ್ಯಾಸ ನಿಜ.

ಶ್ರೀರಂಗಪಟ್ಟಣ ನದಿತೀರ:
ಆಯಿತು. ಬಣ್ಣ ಬರುವುದು-ಹೋಗುವುದು ಬೇರೆ, ಬಣ್ಣವೇ ಇಲ್ಲದಿರುವುದು ಬೇರೆ ಅಂತ ನೀವು ಹೇಳಿದರೆ ನನ್ನ ತಕರಾರು ಇಲ್ಲ. ಆದರೂ ಡ್ರೂಯಿಡ್‌ಗೆ ಕಡಿಮೆ ಮರ್ಯಾದೆ ಕೊಡಬೇಡಿ! ಬೂದು ಗಿಡಗಳ ನಡುವೆ ಆ ನಿಂಬೆ ಹಳದಿ ಎದ್ದು ಕಾಣುವುದನ್ನು ನೋಡಬೇಕು.

ಪಾಂಡವಪುರ ಹಸಿರು:
ನಾನು ಒಂದು ಸೇರಿಸಬಹುದಾ? ಹಳೆಯ ಪಟ್ಟಿಗಳಲ್ಲಿ ಅಯೋನಾಂಥಾದ ಸ್ಕೇಪೋಸಾ ಎಂಬ ಬಗೆ ಸಿಗುತ್ತದೆ. ಅದರಲ್ಲಿ ಹೂವು ಚಿಕ್ಕ ಕಡ್ಡಿಯ ಮೇಲೆ ಸ್ವಲ್ಪ ಎದ್ದು ನಿಲ್ಲುತ್ತದೆ, ಎಲೆಗಳು ಒಂದೇ ಪಕ್ಕಕ್ಕೆ ವಾಲಿರುತ್ತವೆ. ಆಮೇಲೆ ಅದನ್ನು ಬೇರೆ ಪ್ರಭೇದ ಅಂತಲೇ ಮಾಡಿದರು. ಈಗ ಟಿಲ್ಯಾಂಡ್ಸಿಯಾ ಕೋಲ್ಬೈ ಅನ್ನುವುದು ಅದೇ ಗಿಡ. ಕೆಲವರು ಇನ್ನೂ ಅಯೋನಾಂಥಾ ಸ್ಕೇಪೋಸಾ ಅಂತಲೇ ಮಾರುತ್ತಾರೆ. ಎರಡು ಹೆಸರು ನೋಡಿ ಎರಡು ಸಲ ಕೊಳ್ಳಬೇಡಿ.

ಯಾದವಗಿರಿ ತಾರಸಿ:
ಸರಿಯಾಗಿ ಹೇಳಿದಿರಿ. ಕೋಲ್ಬೈ ಸ್ವಲ್ಪ ತಂಪು ಕೇಳುತ್ತದೆ, ಅದರ ಊರು ಎತ್ತರದ ಜಾಗ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ನೆರಳಿನ ಕಡೆ ಸರಿಸಿ.

ಸರಸ್ವತಿಪುರಂ ಬಾಲ್ಕನಿ:
ಇಷ್ಟು ತಿಳಿಸಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಹಾಗಾದರೆ ನನ್ನ "ರೂಬ್ರಾ", "ಫ್ಯೂಗೋ" ನಿಜವೋ ಅಲ್ಲವೋ ತಿಳಿಯುವುದು ಹೇಗೆ?

ಯಾದವಗಿರಿ ತಾರಸಿ:
ಪಕ್ಕದ ಮನೆಯವರ ಸಾದಾ ಗಿಡದ ಒಂದು ಮರಿ ಕೇಳಿ ತನ್ನಿ. ಮೂರನ್ನೂ ಒಂದೇ ಮರದ ತುಂಡಿಗೆ ಕಟ್ಟಿ. ಒಂದೇ ಬಿಸಿಲು, ಒಂದೇ ನೀರು. ಪೂರ್ವದ ಕಡೆ ಬೆಳಗಿನ ಎಳೆ ಬಿಸಿಲು ಸಿಗುವ ಜಾಗ ಒಳ್ಳೆಯದು. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಬಿಸಿಲು ನೇರ ಬೀಳದಂತೆ ಶೇಡ್ ನೆಟ್ ಕಟ್ಟಿ. ಮುಂದಿನ ಹೂವಿನವರೆಗೆ ಕಾಯಿರಿ. ಒಂದೇ ಬೆಳಕಿನಲ್ಲಿ ಬೆಳೆದ ಮೇಲೂ ಆಕಾರದಲ್ಲಿ ವ್ಯತ್ಯಾಸ ಉಳಿದರೆ ಅವು ಬೇರೆ. ಬೆರೆತು ಹೋದರೆ ಒಂದೇ. ಇದಕ್ಕಿಂತ ನಂಬಿಕೆಯ ಪರೀಕ್ಷೆ ಮನೆಯಲ್ಲಿ ಮಾಡಲು ಆಗುವುದಿಲ್ಲ.

ಹೂ ಬೇಗ ಬರಲಿ ಅಂತ ಕೆಲವರು ಮಾಗಿದ ಬಾಳೆಹಣ್ಣಿನ ಜೊತೆ ಕವರಿನಲ್ಲಿ ಇಡುತ್ತಾರೆ. ಹಣ್ಣಿನಿಂದ ಬರುವ ಎಥಿಲೀನ್ ಅನಿಲ ಹೂ ಬರಿಸುತ್ತದೆ, ನಿಜ. ಬನವಾಸಿ ಕಡೆ ಅನಾನಸ್ ಬೆಳೆಯುವವರು ಎಥ್ರೆಲ್ (ಎಥಿಲೀನ್ ಬಿಡುವ ಔಷಧಿ) ಹಾಕಿ ಹೊಲಕ್ಕೆಲ್ಲ ಒಂದೇ ಸಲ ಹೂ ಬರಿಸುವುದೂ ಇದೇ ಲೆಕ್ಕ. ಅನಾನಸ್, ಟಿಲ್ಯಾಂಡ್ಸಿಯಾ ಎರಡೂ ಒಂದೇ ಕುಟುಂಬ. ಆದರೆ ಸಣ್ಣ ಗಿಡಕ್ಕೆ ಹೀಗೆ ಮಾಡಿದರೆ ಶಕ್ತಿ ಸಾಲದೆ ಮರಿಗಳು ಸೊರಗುತ್ತವೆ. ಸುಮ್ನೆ ಕಾಯುವುದೇ ಮೇಲು.

ಮದ್ದೂರು ತೆಂಗು:
ನೀರಿನ ವಿಷಯ ಯಾರೂ ಹೇಳಲಿಲ್ಲವಲ್ಲ. ನಮ್ಮಲ್ಲಿ ಬೋರ್ ನೀರು. ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಸುಣ್ಣ ಕೂರುತ್ತದೆ. ಅದೇ ಹಾಕಬಹುದಾ?

ಕುವೆಂಪುನಗರ ಅಜ್ಜಿ:
ಬೇಡಪ್ಪ. ಪಾತ್ರೆಯಲ್ಲಿ ಕೂತ ಸುಣ್ಣವೇ ಎಲೆಯ ಹುರುಪೆಯ ಮೇಲೂ ಕೂರುತ್ತದೆ, ಆಮೇಲೆ ಗಿಡ ನೀರು ಕುಡಿಯುವುದು ಹೇಗೆ? ಮಳೆ ನೀರು ಹಿಡಿದಿಡಿ. ಅದು ಮುಗಿದರೆ ನಲ್ಲಿಯ ಕಾವೇರಿ ನೀರನ್ನು ರಾತ್ರಿ ಬಕೆಟ್ಟಿನಲ್ಲಿ ಬಿಟ್ಟು ಬೆಳಿಗ್ಗೆ ಹಾಕಿ, ಕ್ಲೋರಿನ್ ವಾಸನೆ ಹೋಗಿರುತ್ತದೆ. ಪ್ಲಾಸ್ಟಿಕ್ ಬಕೆಟ್ ಇರಲಿ. ದೇವರ ಮನೆಯ ತಾಮ್ರದ ಚೆಂಬಿನ ನೀರು, ಹಂಡೆಯ ನೀರು ಹಾಕಲೇಬೇಡಿ. ತಾಮ್ರ ಈ ಗಿಡಕ್ಕೆ ವಿಷ. ಕಟ್ಟಲು ತಾಮ್ರದ ತಂತಿಯೂ ಬೇಡ, ನೈಲಾನ್ ದಾರ ಸಾಕು.

ಪಾಂಡವಪುರ ಹಸಿರು:
ಹೊತ್ತೂ ಮುಖ್ಯ ಅಜ್ಜಿ. ಈ ಗಿಡ ರಾತ್ರಿ ಉಸಿರಾಟದ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತದೆ, ಹಗಲು ಮುಚ್ಚಿಕೊಳ್ಳುತ್ತದೆ. ಒಣ ಊರಿನ ಗಿಡ, ಹಗಲಿನ ಬಿಸಿಲಿಗೆ ನೀರು ಕಳೆದುಕೊಳ್ಳದಿರಲಿ ಅಂತ ಈ ಏರ್ಪಾಡು. ಸಂಜೆ ನೀರು ಹಾಕಿದರೆ ಎಲೆಯ ಮೇಲೆ ರಾತ್ರಿ ಪೂರ್ತಿ ನೀರಿನ ಪದರ ನಿಂತು ಗಾಳಿ ಒಳಗೆ ಹೋಗುವುದಿಲ್ಲ. ಬೆಳಿಗ್ಗೆ ನೆನೆಸಿ, ತಲೆಕೆಳಗೆ ಮಾಡಿ ಒದರಿ, ಗಾಳಿಯಲ್ಲಿ ಇಡಿ. ಮೂರು-ನಾಲ್ಕು ಗಂಟೆಯೊಳಗೆ ಪೂರ್ತಿ ಒಣಗಬೇಕು.

ಯಾದವಗಿರಿ ತಾರಸಿ:
ಜೂನ್, ಜುಲೈನಲ್ಲಿ ಮೈಸೂರಿನ ಜಿಟಿಜಿಟಿ ಮಳೆ ಇದೆಯಲ್ಲ, ಅದೇ ಇವಕ್ಕೆ ಕಷ್ಟ ಕಾಲ. ಬೇಸಿಗೆಯ ಸೆಕೆಯನ್ನು ಹೇಗೋ ತಡೆದುಕೊಳ್ಳುತ್ತವೆ. ಪಡುವಣ ಗಾಳಿಗೆ ತುಂತುರು ಹಗಲು-ರಾತ್ರಿ ಬಡಿಯುತ್ತಿದ್ದರೆ ಬುಡ ಕೊಳೆಯುತ್ತದೆ. ನಡುವಿನ ಎಲೆ ಹಿಡಿದರೆ ಸಲೀಸಾಗಿ ಕಿತ್ತು ಬರುತ್ತದೆ, ಬುಡ ಕಪ್ಪು-ಕಂದು. ಅಲ್ಲಿಗೆ ಬಂದರೆ ಉಳಿಯುವುದಿಲ್ಲ. ಆ ಎರಡು ತಿಂಗಳು ಸೂರಿನ ಕೆಳಗೆ ಸರಿಸಿ. ದಪ್ಪ ಎಲೆಯ ವ್ಯಾನ್‌ಹೈನಿಂಗೈಗೆ ಇನ್ನೂ ಹೆಚ್ಚು ಎಚ್ಚರ ಬೇಕು, ಅದು ಜಾರು ಬಂಡೆಯ ಗಿಡ. ಎಲೆ ಮೆತ್ತಗಿರುವ ಗ್ವಾಟೆಮಾಲಾ ರೂಪಕ್ಕೆ ಬೇಸಿಗೆಯಲ್ಲಿ ನೀರು ಜಾಸ್ತಿ ಬೇಕು. ಬಗೆ ಗೊತ್ತಿದ್ದರೆ ಆರೈಕೆ ಗೊತ್ತಾಗುತ್ತದೆ, ನಾನು ಇಷ್ಟು ಉದ್ದ ಬರೆದದ್ದು ಅದಕ್ಕೇ.

ಗೊಬ್ಬರ ತುಂಬ ಕಡಿಮೆ ಸಾಕು. ಗೊಬ್ಬರದ ಅಂಗಡಿಯಲ್ಲಿ ಸಿಗುವ ನೀರಿನಲ್ಲಿ ಕರಗುವ 19:19:19 ಲೀಟರಿಗೆ ಅರ್ಧ ಗ್ರಾಮ್, ತಿಂಗಳಿಗೊಮ್ಮೆ. ಲಘು ಪೋಷಕಾಂಶ ಸೇರಿಸಿದ ಪೊಟ್ಟಣವಾದರೆ ಹಿಂದೆ ಓದಿ ನೋಡಿ, ತಾಮ್ರ ಇದ್ದರೆ ಬೇಡ.

ಮದ್ದೂರು ತೆಂಗು:
ಕೊನೆಯ ಪ್ರಶ್ನೆ. ತೋಟದ ಮರಕ್ಕೇ ಕಟ್ಟಿದರೆ? ಮಾವು ಇದೆ, ಸೀಬೆ ಇದೆ, ಹುಣಸೆ ಇದೆ.

ಯಾದವಗಿರಿ ತಾರಸಿ:
ಹುಣಸೆಗೆ ಕಟ್ಟಿ. ತೊಗಟೆ ಒರಟು, ಬೇರಿಗೆ ಹಿಡಿತ ಸಿಗುತ್ತದೆ, ಸಣ್ಣ ಎಲೆಯ ನೆರಳು ಹದವಾಗಿರುತ್ತದೆ. ಸೀಬೆ ಬೇಡ, ತೊಗಟೆ ಸಿಪ್ಪೆ ಸಿಪ್ಪೆಯಾಗಿ ಉದುರುವ ಮರ, ಬೇರು ಹಿಡಿದ ಸಿಪ್ಪೆಯ ಜೊತೆಗೇ ಗಿಡವೂ ಬೀಳುತ್ತದೆ. ಮಾವಿಗೆ ನೀವು ಬೋರ್ಡೋ ದ್ರಾವಣವೋ ಕಾಪರ್ ಆಕ್ಸಿಕ್ಲೋರೈಡೋ ಹೊಡೆಯುತ್ತೀರಾ?

ಮದ್ದೂರು ತೆಂಗು:
ಹೊಡೆಯುತ್ತೇವೆ ಸರ್, ವರ್ಷಾ ವರ್ಷ. ತೆಂಗಿನ ಸುಳಿಗೂ ಬೋರ್ಡೋ ಹಾಕುತ್ತೇವೆ.

ಯಾದವಗಿರಿ ತಾರಸಿ:
ಎರಡರಲ್ಲೂ ತಾಮ್ರವೇ. ಹಾಗಾದರೆ ಮಾವಿಗೂ ಬೇಡ, ತೆಂಗಿಗೂ ಬೇಡ. ಹುಣಸೆ ಮರ ಮಾವಿನ ಸಾಲಿನಿಂದ ಎಷ್ಟು ದೂರ ಇದೆ ನೋಡಿಕೊಳ್ಳಿ, ಸಿಂಪಡಿಸುವ ದಿನ ಗಾಳಿ ಆ ಕಡೆ ಬೀಸುತ್ತಿದ್ದರೆ ಗಿಡಗಳ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮುಗಿದ ಮೇಲೆ ತೆಗೆಯಿರಿ. ಮೊದಲಿಗೆ ಸಾದಾ ಅಯೋನಾಂಥಾ ಮಾತ್ರ ಕಟ್ಟಿ, ಬೇರು ಹಿಡಿದ ಮೇಲೆ ಉಳಿದ ಬಗೆಗಳ ಯೋಚನೆ. ನನ್ನ ಹತ್ತಿರ ಸಾದಾ ಗಿಡದ ಮರಿಗಳಿವೆ. ಮೈಸೂರಿಗೆ ಬಂದಾಗ ತೆಗೆದುಕೊಂಡು ಹೋಗಿ, ದುಡ್ಡು ಬೇಡ.

ಮದ್ದೂರು ತೆಂಗು:
ಖಂಡಿತ ಬರುತ್ತೇನೆ ಸರ್. ಎಳನೀರು ತರುತ್ತೇನೆ.